ಯಂತ್ರದ ಉತ್ತರಪತ್ರಿಕೆ

(ಮಾತಾಡುವವರು ಇಬ್ಬರು. ಒಬ್ಬರು ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಂಗಿಯ ಮಗಳು, ಬೆಂಗಳೂರಿನಲ್ಲಿ ಡೇಟಾ ಕೆಲಸ ಮಾಡುವವಳು.)

ಮಾವ: ಕೇಳಿದವರೆಲ್ಲ ಒಂದೊಂದು ದಾರಿ ತೋರಿಸ್ತಾರೆ ಕಣಮ್ಮ. ಒಬ್ಬರು ‘ಮೊದಲು ಎರಡು ವರ್ಷ ಗಣಿತ ಗಟ್ಟಿ ಮಾಡಿಕೊಳ್ಳಿ’ ಅಂದರು. ನನಗೇ ಹೇಳಿದರು ನೋಡು! ಇನ್ನೊಬ್ಬ ಹುಡುಗ ‘ಗಣಿತ ಯಾಕೆ ಸಾರ್, ಹತ್ತು ಸಾಲು ಕೋಡ್ ಕಾಪಿ ಮಾಡಿ ಓಡಿಸಿ, ಉತ್ತರ ಬರುತ್ತೆ’ ಅಂದ. ಮತ್ತೊಬ್ಬ ಕೋರ್ಸಿನ ಫೀಸು ಎಷ್ಟು ಅಂತ ಮಾತ್ರ ಹೇಳಿದ. ಮಷೀನ್ ಲರ್ನಿಂಗ್ ಕಲಿಯೋಕೆ ನೀನು ಯಾವ ದಾರಿ ಹೇಳ್ತೀಯ?

ಸೊಸೆ: ದಾರಿ ಆಮೇಲೆ ಮಾವ. ಅದನ್ನು ಕಲಿತು ಏನು ಮಾಡಬೇಕು ಅಂತಿದ್ದೀರಿ?

ಮಾವ: ಕಲಿಯೋಕೂ ಒಂದು ಕಾರಣ ಬೇಕಾ?

ಸೊಸೆ: ಬೇಕು. ‘ವಿಷಯ ಕಲೀತೀನಿ’ ಅಂತ ಹೊರಟವರು ಮೂರನೇ ಅಧ್ಯಾಯದಲ್ಲಿ ಪುಸ್ತಕ ಮುಚ್ಚಿಡ್ತಾರೆ. ಒಂದು ಪ್ರಶ್ನೆ ಹಿಡಿದವರು ಅದಕ್ಕೆ ಬೇಕಾದ್ದನ್ನು ತಾವೇ ಹುಡುಕಿಕೊಂಡು ಹೋಗ್ತಾರೆ.

ಮಾವ: ಹಾಗಾದರೆ ಕೇಳು. ಊರಿನ ಹಳೇ ಪಹಣಿ, ಶಾನುಭೋಗರ ಕಾಲದ ಲೆಕ್ಕದ ಪುಸ್ತಕ, ನಮ್ಮಪ್ಪನ ಕಡತ, ಎಲ್ಲ ಕನ್ನಡ ಅಂಕಿಯಲ್ಲಿವೆ. ಸರ್ವೆ ನಂಬರು, ಎಕರೆ, ಗುಂಟೆ. ಈಗಿನ ಹುಡುಗರು ಅದನ್ನು ನೋಡಿ ತಡವರಿಸ್ತಾರೆ. ಯಂತ್ರ ಓದುತ್ತಾ?

ಸೊಸೆ: ಒಳ್ಳೇ ಪ್ರಶ್ನೆ. ಆದರೆ ಪೂರ್ತಿ ಪುಟ ಬೇಡ, ಒಂದೇ ಒಂದು ಅಂಕಿಯಿಂದ ಶುರು ಮಾಡೋಣ. ಯಾರೋ ಬರೆದ ಅಂಕಿಯ ಚಿತ್ರ ಕೊಟ್ಟರೆ ಅದು ಸೊನ್ನೆಯಿಂದ ಒಂಬತ್ತರವರೆಗಿನ ಯಾವುದು ಅಂತ ಹೇಳಬೇಕು, ಅಷ್ಟೇ. ಸದ್ಯಕ್ಕೆ ಕಂಪ್ಯೂಟರನ್ನು ಮರೆತುಬಿಡಿ. ೩ನ್ನು ೭ರಿಂದ ಹೇಗೆ ಬೇರೆ ಮಾಡ್ತೀರಿ, ನಿಯಮ ಹೇಳಿ.

ಮಾವ: ಎರಡಕ್ಕೂ ಮೇಲೊಂದು ಬಾಗು ಇದೆ. ಬಾಲ ಹೊರಳೋ ರೀತಿಯಲ್ಲಿ ವ್ಯತ್ಯಾಸ.

ಸೊಸೆ: ಎಷ್ಟು ಹೊರಳಿದರೆ ೩, ಎಷ್ಟು ಹೊರಳಿದರೆ ೭? ಬರೆದವರು ಅವಸರದಲ್ಲಿ ಬಾಲವನ್ನೇ ನುಂಗಿದ್ದರೆ?

ಮಾವ: ನೋಡಿದರೆ ಗೊತ್ತಾಗುತ್ತೆ ಕಣೆ. ಹೇಳು ಅಂದರೆ ಹೇಳೋಕಾಗಲ್ಲ.

ಸೊಸೆ: ವಿಷಯ ಹುಟ್ಟೋದೇ ಅಲ್ಲಿ. ಬಡ್ಡಿ ಲೆಕ್ಕ ಹಾಕುವ ಪ್ರೋಗ್ರಾಮಿಗೆ ಸೂತ್ರವನ್ನು ನಾವೇ ಬರೆದುಕೊಡ್ತೀವಿ. ಇಲ್ಲಿ ಸೂತ್ರ ನಮ್ಮ ಹತ್ತಿರ ಇಲ್ಲ, ಉದಾಹರಣೆಗಳಿವೆ. ‘ಇದು ೩, ಇದೂ ೩, ಇದು ೭’ ಅಂತ ಸಾವಿರಾರು ಚಿತ್ರ ಕೊಟ್ಟು, ಸೂತ್ರದೊಳಗಿನ ಸಂಖ್ಯೆಗಳನ್ನು ಯಂತ್ರವೇ ಹೊಂದಿಸಿಕೊಳ್ಳುವ ಹಾಗೆ ಮಾಡ್ತೀವಿ. ಐಬಿಎಂನಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ 1959ರಲ್ಲಿ ಚೆಕರ್ಸ್ ಆಟ ಕಲಿಯುವ ಪ್ರೋಗ್ರಾಮಿನ ಬಗ್ಗೆ ಒಂದು ಪ್ರಬಂಧ ಬರೆದರು. ಮಷೀನ್ ಲರ್ನಿಂಗ್ ಅನ್ನೋ ಹೆಸರು ಅದರ ಶೀರ್ಷಿಕೆಯಲ್ಲೇ ಇತ್ತು. ಆ ಪ್ರೋಗ್ರಾಮು ಆಡ್ತಾ ಆಡ್ತಾ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ತಿತ್ತು.

ಮಾವ: ಸರಿ. ಸಾವಿರಾರು ಕನ್ನಡ ಅಂಕಿ ಯಾರು ಬರೆದುಕೊಡ್ತಾರೆ?

ಸೊಸೆ: ಆಗಲೇ ಬರೆದುಕೊಟ್ಟಿದ್ದಾರೆ. 2019ರಲ್ಲಿ ವಿನಯ್ ಉದಯ್ ಪ್ರಭು ಅನ್ನುವ ಸಂಶೋಧಕರು ‘ಕನ್ನಡ-ಎಮ್‌ನಿಸ್ಟ್’ ಅನ್ನೋ ಸಂಗ್ರಹ ಪ್ರಕಟಿಸಿದರು. ಬೆಂಗಳೂರಿನ 65 ಸ್ವಯಂಸೇವಕರು ಚೌಕಳಿ ಹಾಳೆಗಳಲ್ಲಿ ಬರೆದ ಅಂಕಿಗಳು. ಕಲಿಕೆಗೆ 60,000 ಚಿತ್ರ, ಪರೀಕ್ಷೆಗೆ 10,000. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು.

ಮಾವ: ಯಂತ್ರ ಆ ಚಿತ್ರವನ್ನು ನೋಡೋದಾದರೂ ಹೇಗೆ?

ಸೊಸೆ: ನೋಡೋದಿಲ್ಲ. ಒಂದೊಂದು ಚಿತ್ರವೂ ಅಡ್ಡಕ್ಕೆ 28, ಉದ್ದಕ್ಕೆ 28 ಚುಕ್ಕಿ. ಒಟ್ಟು 784. ಪ್ರತಿ ಚುಕ್ಕಿಯ ಗಾಢತೆಗೆ 0ಯಿಂದ 255ರೊಳಗೆ ಒಂದು ಸಂಖ್ಯೆ. ನಿಮ್ಮ ೩ ಯಂತ್ರದ ಪಾಲಿಗೆ 784 ಸಂಖ್ಯೆಗಳ ಒಂದು ಸಾಲು.

ಮಾವ: ಅಂದರೆ 784 ಆಯಾಮದ ಅವಕಾಶದಲ್ಲಿ ಒಂದು ಬಿಂದು!

ಸೊಸೆ: ನಿಮಗೆ ಗಣಿತ ಗಟ್ಟಿ ಮಾಡಿಕೊಳ್ಳಿ ಅಂದವರನ್ನು ಕರೆಸಬೇಕು. ಹೌದು, ಅಷ್ಟೇ. ಆದರೆ ಬಿಂದು ಅಂದುಕೊಳ್ಳೋ ಮೊದಲು ಒಂದು ಕೆಲಸ ಇದೆ, ಹೊಸಬರು ಸಾಮಾನ್ಯವಾಗಿ ದಾಟಿ ಹೋಗೋದು ಅದನ್ನೇ. ನೂರಿನ್ನೂರು ಚಿತ್ರಗಳನ್ನು ಪರದೆ ಮೇಲೆ ಹರಡಿಕೊಂಡು ಸುಮ್ಮನೆ ನೋಡಬೇಕು. ಯಾರ ಗೆರೆ ದಪ್ಪ, ಯಾವ ಅಂಕಿ ವಾಲಿದೆ, ಯಾವುದನ್ನು ಓದೋಕೆ ನಿಮಗೇ ಕಷ್ಟ. ಡೇಟಾ ನೋಡದೆ ಮಾಡೆಲ್ ಕಟ್ಟೋಕೆ ಹೋದರೆ ಮುಂದೆ ಯಾವ ತಪ್ಪಿಗೂ ಕಾರಣ ಗೊತ್ತಾಗೋದಿಲ್ಲ.

ಮಾವ: ನೋಡಿದೆ ಅಂತ ಇಟ್ಟುಕೋ. ಆಮೇಲೆ ನ್ಯೂರಲ್ ನೆಟ್‌ವರ್ಕಾ?

ಸೊಸೆ: ಇನ್ನೂ ಇಲ್ಲ. ಮೊದಲು ಅತ್ಯಂತ ಪೆದ್ದು ಉಪಾಯ. ಹೊಸ ಚಿತ್ರ ಬಂತು. ಕಲಿಕೆಯ 60,000 ಚಿತ್ರಗಳಲ್ಲಿ ಇದಕ್ಕೆ ಅತಿ ಹತ್ತಿರದ್ದು ಯಾವುದು ಅಂತ ಹುಡುಕಿ. ಚುಕ್ಕಿಗೆ ಚುಕ್ಕಿ ಕಳೆದು, ವರ್ಗ ಮಾಡಿ, ಕೂಡಿ. ಮೊತ್ತ ಯಾವುದಕ್ಕೆ ಕನಿಷ್ಠವೋ ಅದರ ಹೆಸರೇ ಇದರ ಹೆಸರು. ಅತಿ ಸಮೀಪದ ನೆರೆಯವರನ್ನು ಕೇಳುವ ವಿಧಾನ ಅಂತಾರೆ. ನಿಮ್ಮ ಹೈಸ್ಕೂಲಿನ ದೂರದ ಸೂತ್ರ, ಎರಡರ ಬದಲು 784 ನಿರ್ದೇಶಾಂಕ.

ಮಾವ: ಇದರಲ್ಲಿ ಕಲಿಕೆ ಎಲ್ಲಿ ಬಂತು? ಎಲ್ಲವನ್ನೂ ಕೂಡಿಟ್ಟುಕೊಂಡಿದೆ, ಅಷ್ಟೇ.

ಸೊಸೆ: ನಿಜ. ಆದರೂ ಇಂಗ್ಲಿಷ್ ಅಂಕಿಗಳ ಇಂಥದೇ ಸಂಗ್ರಹದ ಮೇಲೆ ಈ ಪೆದ್ದು ವಿಧಾನ ನೂರಕ್ಕೆ 95ಕ್ಕೂ ಹೆಚ್ಚು ಸರಿ ಹೇಳುತ್ತೆ. ಇದನ್ನು ಮೊದಲು ಮಾಡಿಟ್ಟುಕೊಂಡರೆ ನಿಮಗೊಂದು ಅಳತೆಗೋಲು ಸಿಕ್ಕಿತು. ಆಮೇಲೆ ಯಾರಾದರೂ ದೊಡ್ಡ ಹೆಸರಿನ ಮಾಡೆಲ್ ತಂದು ‘95 ಬಂತು’ ಅಂತ ಕುಣಿದರೆ ನೀವು ಕುಣಿಯೋದಿಲ್ಲ.

ಮಾವ: ಮತ್ತೆ ಅದನ್ನೇ ಬಳಸಿದರೆ ಏನು ನಷ್ಟ?

ಸೊಸೆ: ಲೆಕ್ಕ ಹಾಕಿ. ಒಂದು ಅಂಕಿ ಗುರುತಿಸೋಕೆ 60,000 ಗುಣಿಸು 784.

ಮಾವ: 4 ಕೋಟಿ 70 ಲಕ್ಷದ ಮೇಲೆ ಕಳೆಯೋ ಲೆಕ್ಕ. ಒಂದು ಅಂಕಿಗೆ!

ಸೊಸೆ: ಜೊತೆಗೆ ಆ 60,000 ಚಿತ್ರಗಳನ್ನೂ ಯಾವಾಗಲೂ ಹೊತ್ತುಕೊಂಡಿರಬೇಕು. ಈಗ ಎರಡನೇ ಮೆಟ್ಟಿಲು. ಪ್ರತಿ ಅಂಕಿಗೂ 784 ತೂಕ ಇಟ್ಟುಕೊಳ್ಳಿ, ಚುಕ್ಕಿಗೊಂದು. ಚಿತ್ರದ ಸಂಖ್ಯೆಗಳನ್ನು ಆ ತೂಕಗಳಿಂದ ಗುಣಿಸಿ ಕೂಡಿದರೆ ಆ ಅಂಕಿಗೆ ಒಂದು ಮೊತ್ತ. ಹತ್ತು ಅಂಕಿಗೆ ಹತ್ತು ಮೊತ್ತ. ದೊಡ್ಡದು ಯಾವುದೋ ಅದೇ ಉತ್ತರ. ಪ್ರತಿ ಅಂಕಿಗೂ ಕೂಡಿಕೊಳ್ಳೋ ಒಂದು ಸ್ಥಿರಾಂಕ ಸೇರಿಸಿದರೆ ಒಟ್ಟು 7,850 ಸಂಖ್ಯೆ. 60,000 ಚಿತ್ರಗಳಿಂದ ಹಿಂಡಿ ತೆಗೆದದ್ದು ಇಷ್ಟೇ. ಚಿತ್ರಗಳನ್ನು ಎಸೆದರೂ ಕೆಲಸ ನಡೆಯುತ್ತೆ.

ಮಾವ: ಇದು ಮ್ಯಾಟ್ರಿಕ್ಸ್ ಗುಣಾಕಾರ ಅಲ್ವೇ. ಸೆಕೆಂಡ್ ಪಿಯು ಪಾಠ.

ಸೊಸೆ: ಅದೇ. ತಮಾಷೆ ಏನು ಗೊತ್ತಾ? ಇಂಗ್ಲಿಷ್ ಅಂಕಿಗಳ ಮೇಲೆ ಇದು ಸುಮಾರು 92ಕ್ಕೆ ನಿಂತುಬಿಡುತ್ತೆ. ಪೆದ್ದು ವಿಧಾನಕ್ಕಿಂತ ಕಡಿಮೆ.

ಮಾವ: ಯಾಕೆ?

ಸೊಸೆ: ನೀವೇ ಯೋಚನೆ ಮಾಡಿ. ಒಂದು ಅಂಕಿಗೆ ಒಂದೇ ಸಾಲು ತೂಕ.

ಮಾವ: ಹಾಂ... ನಾಲ್ಕು ಥರ ಬರೆಯೋ ನಾಲ್ಕು ಜನರನ್ನು ಒಂದೇ ಅಚ್ಚಿಗೆ ಹಾಕಬೇಕು. ಎಲ್ಲರ ಸರಾಸರಿ ಯಾರ ಅಕ್ಷರವೂ ಅಲ್ಲ.

ಸೊಸೆ: ಇದನ್ನು ನೀವು ಪುಸ್ತಕ ನೋಡದೆ ಹೇಳಿದಿರಿ! ಅದಕ್ಕೇ ಮೂರನೇ ಮೆಟ್ಟಿಲು, ನಡುವೆ ಒಂದು ಪದರ. ನೀವು ಆಗ ಕೇಳಿದ ನ್ಯೂರಲ್ ನೆಟ್‌ವರ್ಕ್ ಇದೇ. ನೂರು ಘಟಕದ ಒಂದು ಪದರ ಸೇರಿಸಿದರೆ ಹೊಂದಿಸಬೇಕಾದ ಸಂಖ್ಯೆಗಳು 79,510 ಆಗುತ್ತವೆ. ಆದರೆ ಒಂದು ಷರತ್ತು. ಪದರದ ಉತ್ತರವನ್ನು ನೇರವಾಗಿ ಮುಂದೆ ದಾಟಿಸಬಾರದು, ನಡುವೆ ಬಾಗಿಸಬೇಕು. ಉದಾಹರಣೆಗೆ ಋಣ ಸಂಖ್ಯೆ ಬಂದರೆ ಸೊನ್ನೆ ಅಂತ ಇಟ್ಟುಕೊಳ್ಳೋದು.

ಮಾವ: ಗೊತ್ತಾಯ್ತು. ಬಾಗಿಸದಿದ್ದರೆ ಎರಡು ಮ್ಯಾಟ್ರಿಕ್ಸ್ ಗುಣಿಸಿದರೆ ಮತ್ತೊಂದು ಮ್ಯಾಟ್ರಿಕ್ಸ್ ಬರುತ್ತೆ, ಪದರ ಹಾಕಿಯೂ ಹಾಕದ ಹಾಗೆ. ಆದರೆ ಈ ತೂಕಗಳನ್ನು ಯಾರು ಹೊಂದಿಸ್ತಾರೆ? ನನಗೆ ಇದೇ ಮಾಯೆ ಅನ್ನಿಸೋದು.

ಸೊಸೆ: ಮಾಯೆ ಇಲ್ಲ, ಅವಕಲನ. ಮೊದಲು ತೂಕಗಳನ್ನೆಲ್ಲ ಮನಸ್ಸಿಗೆ ಬಂದ ಹಾಗೆ ಇಡಿ. ಉತ್ತರ ತಪ್ಪಾಗುತ್ತೆ. ಎಷ್ಟು ತಪ್ಪು ಅನ್ನೋದಕ್ಕೆ ಒಂದು ಸಂಖ್ಯೆ ಬೇಕು. ಆ ಹತ್ತು ಮೊತ್ತಗಳನ್ನು ಸಂಭವನೀಯತೆಗಳಾಗಿ ಬದಲಿಸಿಕೊಳ್ಳಿ. ಸರಿಯಾದ ಅಂಕಿಗೆ ಯಂತ್ರ ಎಷ್ಟು ಸಂಭವನೀಯತೆ ಕೊಟ್ಟಿತೋ ಅದರ ಸ್ವಾಭಾವಿಕ ಲಾಗರಿದಮ್ ತೆಗೆದು ಚಿಹ್ನೆ ಬದಲಿಸಿ. ಸರಿ ಉತ್ತರಕ್ಕೆ 0.9 ಕೊಟ್ಟಿದ್ದರೆ ತಪ್ಪಿನ ಮೊತ್ತ ಸುಮಾರು 0.1. ಬರೀ 0.01 ಕೊಟ್ಟಿದ್ದರೆ 4.6.

ಮಾವ: ಕ್ಲಾರ್ಕ್ಸ್ ಟೇಬಲ್ ಮತ್ತೆ ಹೊರಗೆ ತೆಗೀಬೇಕು ಅನ್ನು. ಅಂದರೆ ಗೊತ್ತಿಲ್ಲದೆ ತಪ್ಪು ಹೇಳಿದರೆ ಸಣ್ಣ ದಂಡ, ಎದೆ ತಟ್ಟಿಕೊಂಡು ತಪ್ಪು ಹೇಳಿದರೆ ದೊಡ್ಡ ದಂಡ. ನ್ಯಾಯವಾಗಿದೆ.

ಸೊಸೆ: ಈಗ ಪ್ರತಿ ತೂಕಕ್ಕೂ ಒಂದೇ ಪ್ರಶ್ನೆ: ಇದನ್ನು ತುಸು ಹೆಚ್ಚಿಸಿದರೆ ದಂಡ ಏರುತ್ತೋ ಇಳಿಯುತ್ತೋ? ಅದಕ್ಕೆ ಉತ್ತರ ಕೊಡೋದೇ ಅವಕಲನ. ಇಳಿಯೋ ಕಡೆಗೆ ಒಂದು ಚೂರು ಸರಿಸಿ, ಮತ್ತೆ ಲೆಕ್ಕ ಹಾಕಿ, ಮತ್ತೆ ಸರಿಸಿ. ಈ ವಿಧಾನವನ್ನು ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲೇ ಬರೆದಿಟ್ಟಿದ್ದ. ಪದರಗಳಿದ್ದಾಗ ಸಂಯುಕ್ತ ಫಲನದ ಅವಕಲನ, ನೀವು ಚೈನ್ ರೂಲ್ ಅಂತ ಕಲಿಸಿದ್ದು. ಅದನ್ನು ಕೊನೆಯ ಪದರದಿಂದ ಹಿಂದಕ್ಕೆ ಪದರ ಪದರವಾಗಿ ಹಾಕುವ ಕ್ರಮವನ್ನು ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ 1986ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಮೇಲೆ ಅದು ಎಲ್ಲ ಕಡೆ ಹಬ್ಬಿತು.

ಮಾವ: ಹಾಗಾದರೆ ನನಗೆ ಬೇಕಾದ ಗಣಿತ ಇಷ್ಟೇನಾ? ಮ್ಯಾಟ್ರಿಕ್ಸ್, ಅವಕಲನ, ಲಾಗರಿದಮ್, ಸಂಭವನೀಯತೆ. ಪಿಯು ಸಿಲೆಬಸ್ ದಾಟಲಿಲ್ಲವಲ್ಲ.

ಸೊಸೆ: ಶುರುಮಾಡೋಕೆ ಇಷ್ಟು ಸಾಕು. ಆಳಕ್ಕೆ ಇಳಿದ ಹಾಗೆ ಸಂಖ್ಯಾಶಾಸ್ತ್ರ ಹೆಚ್ಚು ಹೆಚ್ಚು ಬೇಕಾಗುತ್ತೆ. ಆ ಶಾಸ್ತ್ರದಲ್ಲಿ ನಮ್ಮ ನೆಲದ ಹೆಸರೂ ದೊಡ್ಡದು. ಹೊಸಬರ ಎಲ್ಲ ಪುಸ್ತಕದಲ್ಲೂ ಐರಿಸ್ ಹೂವಿನ ಕೋಷ್ಟಕ ಒಂದು ಬರುತ್ತೆ. 150 ಹೂವು, ಮೂರು ಜಾತಿ, ಒಂದೊಂದಕ್ಕೂ ನಾಲ್ಕು ಅಳತೆ. ಇಂಗ್ಲೆಂಡಿನ ರೊನಾಲ್ಡ್ ಫಿಷರ್ 1936ರಲ್ಲಿ ಬಳಸಿದ್ದು. ಅಳತೆಗಳನ್ನು ನೋಡಿ ಜಾತಿ ಹೇಳೋದು ಅಲ್ಲಿನ ಸಮಸ್ಯೆ. ಅದೇ ವರ್ಷ ಕಲ್ಕತ್ತೆಯಲ್ಲಿ ಮಹಾಲನೋಬಿಸ್ ಎರಡು ಗುಂಪುಗಳ ನಡುವಿನ ದೂರ ಅಳೆಯೋಕೆ ಹೊಸ ಸೂತ್ರ ಕೊಟ್ಟರು. ಅವರ ಶಿಷ್ಯ ಸಿ.ಆರ್. ರಾವ್ ಫಿಷರ್ ಬಳಿಯೇ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿ, 1948ರಲ್ಲಿ ಆ ವಿಂಗಡಣೆಯ ಕ್ರಮವನ್ನು ಹಲವು ಗುಂಪುಗಳಿಗೆ ವಿಸ್ತರಿಸಿದರು.

ಮಾವ: ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ ಕಣಮ್ಮ, 1920ರಲ್ಲಿ. ಆಗ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿತ್ತು. ತೆಲುಗು ಮನೆತನ. 2023ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಸೊಸೆ: ಅದೇ ವರ್ಷ ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯೂ ಬಂತು. ಆದರೂ ನಿಮ್ಮ ಮೊದಲ ಪಾಠಕ್ಕೆ ಐರಿಸ್ ಬೇಡ ಅಂತೀನಿ ಮಾವ.

ಮಾವ: ಯಾಕೆ? ಎಲ್ಲರೂ ಅದರಿಂದಲೇ ಶುರು ಮಾಡ್ತಾರೆ ಅಂದೆ.

ಸೊಸೆ: ತೀರಾ ಸಲೀಸು. ಮೂರರಲ್ಲಿ ಸೆಟೋಸಾ ಅನ್ನೋ ಜಾತಿಯ ಎಸಳು ಎರಡು ಸೆಂಟಿಮೀಟರ್ ದಾಟೋದಿಲ್ಲ. ಉಳಿದೆರಡು ಜಾತಿಯ ಎಸಳು ಮೂರಕ್ಕಿಂತ ಕಡಿಮೆ ಇಲ್ಲ. ಅದನ್ನು ಬೇರೆ ಮಾಡೋಕೆ ಮಾಡೆಲ್ ಯಾಕೆ, ಸ್ಕೇಲ್ ಸಾಕು. ಕೋಡ್ ಓಡಿಸಿದ ತಕ್ಷಣ ಒಳ್ಳೇ ಅಂಕ ಬಂದುಬಿಡುತ್ತೆ. ಹೊಸಬರಿಗೆ ಎಲ್ಲ ತಿಳೀತು ಅನ್ನಿಸಿಬಿಡುತ್ತೆ.

ಮಾವ: ನೂರಕ್ಕೆ ನೂರು ಬಂದ ಪತ್ರಿಕೆಯಿಂದ ಮೇಷ್ಟ್ರಿಗೆ ಏನೂ ತಿಳಿಯಲ್ಲ. ಪ್ರಶ್ನೆಯೇ ಸುಲಭ ಇತ್ತೋ, ಹುಡುಗನೇ ಜಾಣನೋ, ಪ್ರಶ್ನೆಪತ್ರಿಕೆಯೇ ಮೊದಲೇ ಕೈಗೆ ಸಿಕ್ಕಿತ್ತೋ!

ಸೊಸೆ: ಪ್ರಶ್ನೆಪತ್ರಿಕೆ ಮೊದಲೇ ಸಿಗೋದು ಅಂದಿರಲ್ಲ, ಹೊಸಬರು ಬೀಳುವ ದೊಡ್ಡ ಗುಂಡಿ ಅದು. ಕಲಿಸಿದ ಚಿತ್ರಗಳನ್ನೇ ಮತ್ತೆ ತೋರಿಸಿ ‘99 ಬಂತು’ ಅಂತಾರೆ. ಅದು ಬಾಯಿಪಾಠದ ಅಂಕ. ಆ ಪೆದ್ದು ನೆರೆಯ ವಿಧಾನಕ್ಕೆ ಕಲಿಕೆಯ ಚಿತ್ರವನ್ನೇ ಕೊಟ್ಟು ನೋಡಿ, ನೂರಕ್ಕೆ ನೂರು. ತನಗೆ ತಾನೇ ಅತಿ ಹತ್ತಿರ ಅಲ್ವಾ! ಅದಕ್ಕೇ 10,000 ಪರೀಕ್ಷಾ ಚಿತ್ರಗಳನ್ನು ಬೇರೆ ಇಟ್ಟಿರೋದು. ಅವನ್ನು ಕೊನೆಯವರೆಗೂ ಮುಟ್ಟಬಾರದು.

ಮಾವ: ಆದರೆ ಮಾಡೆಲ್‌ನಲ್ಲಿ ಇದನ್ನು ಬದಲಿಸಿದೆ, ಅದನ್ನು ಬದಲಿಸಿದೆ, ಯಾವುದು ಮೇಲು ಅಂತ ನೋಡೋದು ಹೇಗೆ?

ಸೊಸೆ: 60,000ದಲ್ಲೇ 10,000 ತೆಗೆದಿಟ್ಟು ಅದರ ಮೇಲೆ ನೋಡಿ. ನಿಮ್ಮ ಪೂರ್ವಸಿದ್ಧತಾ ಪರೀಕ್ಷೆ ಇದ್ದ ಹಾಗೆ. ಪ್ರತಿ ಸಲವೂ ಕೊನೆಯ ಪರೀಕ್ಷೆಯ ಮೇಲೇ ನೋಡಿ ನೋಡಿ ತಿದ್ದುತ್ತಾ ಹೋದರೆ, ಯಂತ್ರ ನೇರವಾಗಿ ನೋಡದಿದ್ದರೂ ನಿಮ್ಮ ಮೂಲಕ ಪ್ರಶ್ನೆಪತ್ರಿಕೆ ಅದಕ್ಕೆ ತಲುಪಿರುತ್ತೆ.

ಮಾವ: ಭಾಗ ಮಾಡೋದು ಹೇಗೆ? ಕಲಸಿ ಅರ್ಧರ್ಧ ಮಾಡಿದರೆ ಆಯ್ತಾ?

ಸೊಸೆ: ಆಗಲ್ಲ. ಅಂಕಿ ಎಣಿಸಿ ಭಾಗ ಮಾಡಿದರೆ ಸಾಲದು, ಬರೆದ ಕೈ ನೋಡಿ ಮಾಡಬೇಕು. ಒಬ್ಬರೇ ಬರೆದ ಅಂಕಿಗಳು ಕಲಿಕೆಯಲ್ಲೂ ಪರೀಕ್ಷೆಯಲ್ಲೂ ಇದ್ದರೆ ಯಂತ್ರಕ್ಕೆ ಅವರ ಕೈಬರಹದ ಪರಿಚಯ ಆಗಲೇ ಆಗಿರುತ್ತೆ. ಆಗ ಹೇಳಿದ ಇಂಗ್ಲಿಷ್ ಅಂಕಿಗಳ ಸಂಗ್ರಹ, ಅಮೆರಿಕದ ಎಮ್‌ನಿಸ್ಟ್, ಅದರ ಕಥೆ ಕೇಳಿ, ಕನ್ನಡದ್ದಕ್ಕೆ ಮಾದರಿ ಅದೇ. ಅದರ ಮೂಲ ಸಾಮಗ್ರಿಯಲ್ಲಿ ಕಲಿಕೆಗೆ ಅಂತ ಇಟ್ಟಿದ್ದು ಜನಗಣತಿ ಇಲಾಖೆಯ ನೌಕರರು ಬರೆದ ಅಂಕಿ. ಪರೀಕ್ಷೆಗೆ ಇಟ್ಟಿದ್ದು ಹೈಸ್ಕೂಲು ಹುಡುಗರು ಬರೆದದ್ದು.

ಮಾವ: ಅಯ್ಯೋ! ಗುಮಾಸ್ತರ ಅಕ್ಷರದ ಮೇಲೆ ಕಲಿಸಿ ಹುಡುಗರ ಅಕ್ಷರದ ಮೇಲೆ ಪರೀಕ್ಷೆ. ಗುಮಾಸ್ತರದು ಚೊಕ್ಕ ಇದ್ದಿರಬೇಕು.

ಸೊಸೆ: ಚೊಕ್ಕವೇ ಇತ್ತು. ಅದಕ್ಕೇ ಸಂಶೋಧಕ ಯಾನ್ ಲೆಕನ್ ಮತ್ತು ಅವರ ಜೊತೆಗಾರರು ಎರಡನ್ನೂ ಬೆರೆಸಿದರು. ಕಲಿಕೆಗೆ 30,000 ನೌಕರರದು, 30,000 ಹುಡುಗರದು. ಪರೀಕ್ಷೆಗೂ ಎರಡೂ ಕಡೆಯದು. ಆದರೆ ಕಲಿಕೆಯಲ್ಲಿ ಬರೆದವರು ಯಾರೂ ಪರೀಕ್ಷೆಯಲ್ಲಿ ಬರದ ಹಾಗೆ ನೋಡಿಕೊಂಡರು.

ಮಾವ: ಹಾಗಾದರೆ ಕನ್ನಡದ್ದರಲ್ಲಿ ಎಷ್ಟು ಬಂತು?

ಸೊಸೆ: ಸಂಗ್ರಹದ ಜೊತೆ ಪ್ರಕಟವಾದ ಮೊದಲ ಮಾಡೆಲ್ ಪರೀಕ್ಷೆಯಲ್ಲಿ ಸುಮಾರು 97 ತೆಗೆಯಿತು.

ಮಾವ: ಡಿಸ್ಟಿಂಕ್ಷನ್! ನಮ್ಮಪ್ಪನ ಕಡತ ಕೊಟ್ಟುಬಿಡಬಹುದು.

ಸೊಸೆ: ತಡೀರಿ. ಅದೇ ಸಂಶೋಧಕರು ‘ಡಿಗ್-ಎಮ್‌ನಿಸ್ಟ್’ ಅಂತ ಇನ್ನೊಂದು ಸಂಗ್ರಹವನ್ನೂ ಮಾಡಿದರು. 10,240 ಚಿತ್ರ, ಕನ್ನಡ ಬಳಸದವರ ಕೈಯಲ್ಲಿ ಬರೆಸಿದ ಕನ್ನಡ ಅಂಕಿಗಳು. ಅದರ ಮೇಲೆ ಅದೇ ಮಾಡೆಲ್ 76ರ ಆಸುಪಾಸಿಗೆ ಕುಸಿಯಿತು.

ಮಾವ: ಬಳಕೆ ಇಲ್ಲದವರು ಅಂಕಿಯನ್ನು ಬರೆಯೋದಿಲ್ಲ, ಚಿತ್ರ ಬಿಡಿಸ್ತಾರೆ. ಕೈ ಓಡೋ ದಿಕ್ಕೇ ಬೇರೆ. ನನ್ನ ಕಡತದ ಕಥೆಯೂ ಅಷ್ಟೇ ಅಲ್ವಾ? ಶಾನುಭೋಗರು ಮಸಿಯಲ್ಲಿ ಅದ್ದಿ ಬರೆದ ಕೂಡಕ್ಷರ, ಹಾಳೆ ಹಳದಿಯಾಗಿದೆ, ಗೆರೆ ಹರಡಿಕೊಂಡಿದೆ. ಬೆಂಗಳೂರಿನ 65 ಜನರಲ್ಲಿ ಹಾಗೆ ಬರೆಯೋರು ಎಷ್ಟಿದ್ದಾರು!

ಸೊಸೆ: ಮಷೀನ್ ಲರ್ನಿಂಗ್‌ನಲ್ಲಿ ನಾನು ಕಲಿಸಬೇಕು ಅಂದುಕೊಂಡಿದ್ದ ಮುಖ್ಯ ಪಾಠ ಇದೇ ಮಾವ, ನೀವೇ ಹೇಳಿಬಿಟ್ಟಿರಿ. 97 ಅನ್ನೋದು ಯಂತ್ರದ ಗುಣ ಅಲ್ಲ. ಈ ಯಂತ್ರ, ಈ ಜನ ಬರೆದ, ಈ ಹಾಳೆಯ ಅಂಕಿಗಳ ಮೇಲೆ ತೆಗೆದ ಅಂಕ. ಜನ ಬದಲಾದರೆ ಅಂಕವೂ ಬದಲಾಗುತ್ತೆ.

ಮಾವ: ಇನ್ನೊಂದು ಲೆಕ್ಕ ತಲೆಗೆ ಬರ್ತಿದೆ. ಒಂದು ಅಂಕಿಗೆ 97 ಸರಿ. ಸರ್ವೆ ನಂಬರಿಗೆ ಮೂರು ಅಂಕಿ. ಮೂರೂ ಸರಿ ಬರಬೇಕು. ತಪ್ಪುಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂದುಕೊಂಡರೆ 0.97 ಮೂರು ಸಲ ಗುಣಿಸಬೇಕು. ಸುಮಾರು 0.91. ಅಂದರೆ ನೂರು ಸರ್ವೆ ನಂಬರಿನಲ್ಲಿ ಒಂಬತ್ತು ತಪ್ಪು! 76ರ ಲೆಕ್ಕದಲ್ಲಿ ನೋಡಿದರೆ ಅರ್ಧಕ್ಕರ್ಧವೂ ಸರಿ ಇಲ್ಲ, 44.

ಸೊಸೆ: ಒಂದೇ ಕೈಯ ಬರಹದಲ್ಲಿ ತಪ್ಪುಗಳಿಗೆ ಸಂಬಂಧ ಇದ್ದೇ ಇರುತ್ತೆ, ಹಾಗಾಗಿ ಇದು ಅಂದಾಜು. ಆದರೂ ಈ ಗುಣಾಕಾರ ಮಾಡದೆ 97 ನೋಡಿ ಹಿಗ್ಗುವವರು ಎಷ್ಟು ಜನ! ನೀವು ಸರಿಯಾದ ಪ್ರಶ್ನೆ ಕೇಳಿದಿರಿ: ಈ ಅಂಕ ಯಾವ ಕೆಲಸಕ್ಕೆ ಸಾಕು? ಪಿನ್‌ಕೋಡ್ ತಪ್ಪಿದರೆ ಪತ್ರ ತಡವಾಗುತ್ತೆ. ೩ ಗುಂಟೆ ೭ ಗುಂಟೆ ಅಂತ ದಾಖಲೆಯಾದರೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗ್ತಾರೆ.

ಮಾವ: ಹಾಗಾದರೆ ಒಟ್ಟು ಅಂಕಕ್ಕಿಂತ ಯಾವ ಪ್ರಶ್ನೆ ತಪ್ಪಾಯ್ತು ಅಂತ ನೋಡಬೇಕು. ಮೌಲ್ಯಮಾಪನಕ್ಕೆ ಕೂತಾಗ ನಾವು ಮಾಡ್ತಿದ್ದದ್ದೂ ಅದೇ. ‘ಅರವತ್ತು ಬಂತು’ ಅಂದರೆ ಆ ಹುಡುಗನ ಬಗ್ಗೆ ನನಗೆ ಏನೂ ಗೊತ್ತಾಗಲ್ಲ. ಆವರಣ ಬಿಡಿಸುವಾಗ ಋಣ ಚಿಹ್ನೆ ಮರೀತಾನೆ ಅಂತ ಕಂಡರೆ ನಾಳೆ ಏನು ಪಾಠ ಮಾಡಬೇಕು ಅಂತ ಗೊತ್ತಾಗುತ್ತೆ.

ಸೊಸೆ: ಯಂತ್ರದ ಉತ್ತರಪತ್ರಿಕೆಯನ್ನೂ ಹಾಗೇ ತಿದ್ದಬೇಕು. ಹತ್ತು ಅಡ್ಡಸಾಲು, ಹತ್ತು ಕಂಬಸಾಲಿನ ಒಂದು ಕೋಷ್ಟಕ ಮಾಡಿ. ಅಡ್ಡಸಾಲು ನಿಜವಾದ ಅಂಕಿ, ಕಂಬಸಾಲು ಯಂತ್ರ ಹೇಳಿದ್ದು. ಕರ್ಣದ ಮೇಲೆ ಸರಿ ಉತ್ತರ. ಕರ್ಣ ಬಿಟ್ಟು ಹೊರಗೆ ಎಲ್ಲಿ ದೊಡ್ಡ ಸಂಖ್ಯೆ ಇದೆಯೋ ಅಲ್ಲಿ ಕಾಯಿಲೆ. ಕನ್ನಡದಲ್ಲಿ ಸಾಮಾನ್ಯವಾಗಿ ಎಡವೋದು ೩ಕ್ಕೂ ೭ಕ್ಕೂ, ೬ಕ್ಕೂ ೯ಕ್ಕೂ, ಸೊನ್ನೆಗೂ ಒಂದಕ್ಕೂ.

ಮಾವ: ಸೊನ್ನೆ ಬಾಯಿ ಸರಿಯಾಗಿ ಮುಚ್ಚದಿದ್ದರೆ ೧. ನಮಗೂ ಅಲ್ಲೇ ಅನುಮಾನ ಬರ್ತಿತ್ತು. 10,000ದಲ್ಲಿ 97 ಅಂದರೆ ಸುಮಾರು 300 ತಪ್ಪು. 300 ಚಿತ್ರ ತಾನೇ? ಒಂದು ಸಂಜೆ ಸಾಕು.

ಸೊಸೆ: ಅದೇ ಸಂಜೆಯನ್ನು ಯಾರೂ ಕೊಡೋದಿಲ್ಲ ಮಾವ! ಅಂಕ 97 ಬಂದರೆ ತಕ್ಷಣ ಇನ್ನೂ ದೊಡ್ಡ ಮಾಡೆಲ್ ಹುಡುಕ್ತಾರೆ, ಪದರ ಹೆಚ್ಚಿಸ್ತಾರೆ. 300 ತಪ್ಪುಗಳನ್ನು ನೋಡಿದರೆ ನಾಲ್ಕೈದು ಬಗೆ ಕಾಣಿಸ್ತವೆ. ಕೆಲವು ಮನುಷ್ಯರಿಗೂ ಓದೋಕಾಗದವು, ಅವನ್ನು ಬಿಟ್ಟುಬಿಡಿ. ಕೆಲವಕ್ಕೆ ಹೆಸರೇ ತಪ್ಪಾಗಿ ಹಚ್ಚಿರಬಹುದು, ಅಂದರೆ ಕೀ ಉತ್ತರವೇ ತಪ್ಪು.

ಮಾವ: ಆಹಾ, ಕೀ ಉತ್ತರ ತಪ್ಪಿ ಗ್ರೇಸ್ ಮಾರ್ಕ್ಸ್ ಕೊಟ್ಟಿದ್ದೀವಿ ನಾವೂ.

ಸೊಸೆ: ಕೆಲವು ಅಂಚಿಗೆ ಸರಿದಿರುತ್ತವೆ, ಕೆಲವು ವಾಲಿರುತ್ತವೆ. ಇವಕ್ಕೆ ಔಷಧ ಇದೆ. ಕಲಿಸುವಾಗಲೇ ಚಿತ್ರಗಳನ್ನು ತುಸು ಸರಿಸಿ, ತುಸು ಓರೆ ಮಾಡಿ ಕೊಡೋದು. ಆದರೆ ಇಲ್ಲೂ ಕಾಪಿ ಮಾಡಿದ ಕೋಡ್ ಕೈ ಕೊಡುತ್ತೆ. ಬೆಕ್ಕು ನಾಯಿ ಗುರುತಿಸುವ ಪಾಠಗಳಲ್ಲಿ ಚಿತ್ರವನ್ನು ಎಡಬಲ ತಿರುಗಿಸಿ ಉದಾಹರಣೆ ಹೆಚ್ಚಿಸ್ತಾರೆ. ಎಡಕ್ಕೆ ತಿರುಗಿದರೂ ಬೆಕ್ಕು ಬೆಕ್ಕೇ. ಎಡಬಲ ತಿರುಗಿಸಿದ ೩ ಕನ್ನಡದ ಅಂಕಿಯೇ ಅಲ್ಲ. ಕೋಡ್ ತಕರಾರು ಮಾಡೋದಿಲ್ಲ, ಸುಮ್ಮನೆ ಓಡುತ್ತೆ. ಅಂಕ ಮಾತ್ರ ಇಳಿಯುತ್ತೆ, ಯಾಕೆ ಅಂತ ಗೊತ್ತಾಗಲ್ಲ.

ಮಾವ: ಈಗ ಚಾಟ್‌ಬಾಟ್‌ಗಳೇ ಕೋಡ್ ಬರೆದುಕೊಡ್ತವಂತೆ. ಹಾಗಿದ್ದ ಮೇಲೆ ಇಷ್ಟೆಲ್ಲ ಕಲಿಯೋದು ಯಾಕೆ ಅಂತ ನಿನ್ನ ತಮ್ಮನೇ ಕೇಳಿದ.

ಸೊಸೆ: ಬರೆಸಿಕೊಳ್ಳಿ, ಬೇಡ ಅನ್ನಲ್ಲ. ಪೈಥಾನ್ ಭಾಷೆಯಲ್ಲಿ ಎಲ್ಲಿ ಆವರಣ ಬಿಟ್ಟೆ ಅಂತ ರಾತ್ರಿಯೆಲ್ಲ ಹುಡುಕೋದರಿಂದ ಯಾರಿಗೂ ಜ್ಞಾನೋದಯ ಆಗಿಲ್ಲ. ಆದರೆ ಪರೀಕ್ಷೆಯ ಚಿತ್ರ ಕಲಿಕೆಯೊಳಗೆ ಸೇರಿತಾ, ಬರೆದವರು ಯಾರು, 97 ನಿಮ್ಮ ಕೆಲಸಕ್ಕೆ ಸಾಕಾ, ಇವನ್ನು ಕೇಳಬೇಕಾದವರು ನೀವು. ಕೇಳೋಕೆ ಗೊತ್ತಿಲ್ಲದವರಿಗೆ ಬರೆದುಕೊಟ್ಟ ಕೋಡ್ ಸರಿಯೋ ತಪ್ಪೋ ಅಂತ ತಿಳಿಯೋದು ಹೇಗೆ?

ಮಾವ: ಮೆಷೀನು ಯಾವುದು ಬೇಕು? ದುಬಾರಿ ಕಂಪ್ಯೂಟರ್ ತಗೋಬೇಕು ಅಂತಾರೆ.

ಸೊಸೆ: ಅಂಕಿ ಓದಿಸೋಕೆ ನಿಮ್ಮ ಈಗಿನ ಲ್ಯಾಪ್‌ಟಾಪೇ ಸಾಕು. ಅದೂ ಬೇಡ ಅಂದರೆ ಗೂಗಲ್‌ನ ಕೊಲ್ಯಾಬ್ ಇದೆ, ಬ್ರೌಸರಿನಲ್ಲೇ ಪೈಥಾನ್ ಓಡುತ್ತೆ, ಸಣ್ಣ ಕೆಲಸಕ್ಕೆ ದುಡ್ಡಿಲ್ಲ. ಮೊದಲ ವಿಧಾನಗಳಿಗೆ ಸೈಕಿಟ್-ಲರ್ನ್ ಅನ್ನೋ ಉಚಿತ ಸಲಕರಣೆ ಸಾಕು. ಪಾಠ ಕೇಳಬೇಕು ಅನ್ನಿಸಿದರೆ ಐಐಟಿಗಳ ಪ್ರಾಧ್ಯಾಪಕರ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗ್ತವೆ. ಸರ್ಟಿಫಿಕೇಟಿಗೆ ದುಡ್ಡು ಕೊಡೋದು ಕೆಲಸ ಹುಡುಕುವವರ ಚಿಂತೆ, ನಿಮ್ಮದಲ್ಲ.

ಮಾವ: ಒಂದು ಮಾತು ನಾನು ಒಪ್ಪಲ್ಲ ಆದರೆ. ಗಣಿತ ಬೇಕಾದಾಗ ಕಲಿತರಾಯ್ತು ಅನ್ನೋ ಧಾಟಿಯಲ್ಲಿ ಹೇಳಿದೆ. ನನಗೆ ಮ್ಯಾಟ್ರಿಕ್ಸ್ ಬರ್ತಿತ್ತು, ಅದಕ್ಕೇ ಪದರ ಯಾಕೆ ಬಾಗಿಸಬೇಕು ಅಂತ ತಟ್ಟನೆ ಹೊಳೀತು. ಬಾರದವರು ಅದನ್ನು ಮಂತ್ರದ ಹಾಗೆ ಒಪ್ಪಿಕೊಳ್ತಾರೆ.

ಸೊಸೆ: ಒಪ್ಪಿದೆ. ಗಣಿತ ಬಿಡಿ ಅನ್ನಲ್ಲ, ಗಣಿತಕ್ಕೆ ಕಾಯ್ತಾ ಕೂರಬೇಡಿ ಅಂತೀನಿ. ಒಂದು ಕಡೆ ಚಿತ್ರ, ಒಂದು ಕಡೆ ಪಿಯು ಪುಸ್ತಕ, ಎರಡೂ ಒಟ್ಟಿಗೆ ನಡೀಲಿ. ಎರಡು ತೂಕದ ಸಣ್ಣ ಲೆಕ್ಕ ಒಂದನ್ನು ಕೈಯಲ್ಲೇ, ಹಾಳೆ ಮೇಲೆ, ಅವಕಲನ ಮಾಡಿ ನಾಲ್ಕು ಹೆಜ್ಜೆ ತಿದ್ದಿ ನೋಡಬೇಕು. ಅದನ್ನು ಮಾಡಿದವರಿಗೆ ಆಮೇಲೆ ಯಾವ ದೊಡ್ಡ ಹೆಸರೂ ಹೆದರಿಸೋದಿಲ್ಲ. ಇವತ್ತಿನ ದೊಡ್ಡ ಭಾಷಾ ಮಾಡೆಲ್‌ಗಳಲ್ಲೂ ತೂಕ, ದಂಡ, ಅವಕಲನ, ತಿದ್ದುಪಡಿ ಇವೇ ಇರೋದು. ಸಂಖ್ಯೆ ಕೋಟಿ ಕೋಟಿ, ಅಷ್ಟೇ.

ಮಾವ: ಹಾಗಾದರೆ ಕ್ರಮ ಹೇಳಿಬಿಡು, ಬರೆದುಕೊಳ್ತೀನಿ.

ಸೊಸೆ: ಮೊದಲು ಪ್ರಶ್ನೆ. ಆಮೇಲೆ ಡೇಟಾ, ಅದನ್ನು ಯಾರು ಬರೆದರು ಅನ್ನೋ ಸಮೇತ. ಪರೀಕ್ಷೆಗೆ ಒಂದು ಪಾಲು ತೆಗೆದು ಬೀಗ ಹಾಕಿಡಿ. ಪೆದ್ದು ವಿಧಾನ ಮಾಡಿ ಅಂಕ ಬರೆದಿಡಿ. ಆಮೇಲೆ ತೂಕದ ಮಾಡೆಲ್, ಆಮೇಲೆ ಒಂದು ಪದರ. ಪ್ರತಿ ಮೆಟ್ಟಿಲಲ್ಲೂ ತಪ್ಪುಗಳ ಕೋಷ್ಟಕ. ಕೊನೆಗೆ, ನಿಮ್ಮ ಕಡತದಿಂದ ಅಂಕಿಗಳನ್ನು ಕತ್ತರಿಸಿ ನೀವೇ ಹೆಸರು ಹಚ್ಚಿ ಹೊಸ ಪರೀಕ್ಷೆ ಮಾಡಿ. ಕೆಲವು ನೂರು ಸಾಕು. ಶಾನುಭೋಗರ ಕೈಬರಹದ ಅಂಥ ಸಂಗ್ರಹ ಮಾಡೋದಕ್ಕೆ ಕೋಡ್ ಬರೆಯೋ ಹುಡುಗರಿಂದ ಆಗಲ್ಲ, ಅವರಿಗೆ ಓದೋಕೇ ಬರಲ್ಲ. ನಿಮ್ಮಂಥವರೇ ಬೇಕು.

ಮಾವ: ಅಂದರೆ ಯಂತ್ರಕ್ಕೂ ನಾನೇ ಮೇಷ್ಟ್ರು.

ಸೊಸೆ: ನೀವೇ ಮೇಷ್ಟ್ರು, ನೀವೇ ಮೌಲ್ಯಮಾಪಕರು. ತಪ್ಪಾದ ಒಂದೊಂದು ಚಿತ್ರದ ಪಕ್ಕವೂ ‘ಇದು ಯಾಕೆ ತಪ್ಪಾಯ್ತು’ ಅಂತ ಒಂದು ಸಾಲು ಬರೆಯಿರಿ. ಅಂಕ ಏರಿಸೋದು ಯಾರಿಗಾದರೂ ಬರುತ್ತೆ ಮಾವ. ಆ ಸಾಲು ಬರೆಯೋಕೆ ಬಂದವರು ಮಾತ್ರ ಮಷೀನ್ ಲರ್ನಿಂಗ್ ಕಲಿತವರು.